ಇನ್ನೊಬ್ಬರ ರಾಜಕೀಯ ನಿಲುವನ್ನು ಟೀಕಿಸಲು ನಮಗೇನು ಅಧಿಕಾರ?

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಯಾವುದೇ ಚಾದಂಗಡಿಯಲ್ಲಿ ರಾಜಕೀಯದ ಮಾತು ಕಾವೇರಿದಾಗ ಅದನ್ನು ನಿಲ್ಲಿಸಲು ಹಿರಿಯರು ಬಳಸುವ ಮಾತು ಬಹುಮಟ್ಟಿಗೆ ಒಂದೇ ಆಗಿರುತ್ತದೆ: “ಬಿಡ್ರೆಪಾ, ಅದು ಅವರವರ ವಿಚಾರ.” ಈ ಮಾತಿನ ಉದ್ದೇಶ ಒಳ್ಳೆಯದೇ. ಜಗಳ ಕೈಮೀರಬಾರದು, ನಾಳೆ ಮತ್ತೆ ಅದೇ ಬೆಂಚಿನ ಮೇಲೆ ಕೂಡಬೇಕಾದವರು ಮುಖ ತಿರುವಿಕೊಂಡು ಹೋಗಬಾರದು ಎಂಬ ಕಾಳಜಿ ಅದರಲ್ಲಿದೆ. ಆದರೆ ಬೇರೆಬೇರೆಯಾದ ಎರಡು ಹೇಳಿಕೆಗಳು ಅದರೊಳಗೆ ಬೆರೆತುಹೋಗಿವೆ. ಪ್ರತಿಯೊಬ್ಬರಿಗೂ ತಮ್ಮದೇ ರಾಜಕೀಯ ನಿಲುವು ಹೊಂದುವ ಹಕ್ಕಿದೆ ಎಂಬುದು ಮೊದಲನೆಯದು. ಆ ನಿಲುವು ಸರಿಯೋ ತಪ್ಪೋ ಎಂದು ಕೇಳುವ ಹಕ್ಕು ಮಿಕ್ಕವರಿಗಿಲ್ಲ ಎಂಬುದು ಎರಡನೆಯದು. ಮೊದಲನೆಯದನ್ನು ಒಪ್ಪಿದ ಮಾತ್ರಕ್ಕೆ ಎರಡನೆಯದನ್ನೂ ಒಪ್ಪಬೇಕಾಗಿಲ್ಲ. ತಪ್ಪು ನಿಲುವನ್ನು ಇಟ್ಟುಕೊಳ್ಳುವ ಹಕ್ಕು ನನಗಿರುವಂತೆಯೇ ಅದು ತಪ್ಪೆಂದು ಹೇಳುವ ಹಕ್ಕು ನಿಮಗಿರುತ್ತದೆ.

ಎಣಗಾಯಿಗೆ ಶೇಂಗಾ ಹೆಚ್ಚು ಬೇಕೋ ಗುರೆಳ್ಳು ಹೆಚ್ಚು ಬೇಕೋ ಎಂಬುದರಲ್ಲಿ ನಾವು ಯಾರನ್ನೂ ತಿದ್ದಲು ಹೋಗುವುದಿಲ್ಲ, ಏಕೆಂದರೆ ಒಬ್ಬರ ರುಚಿ ಅವರ ತಾಟಿನಾಚೆಗೆ ದಾಟುವುದಿಲ್ಲ. ರಾಜಕೀಯ ನಿಲುವಿನ ಸ್ವಭಾವ ಬೇರೆ. ಅದು ಮತವಾಗುತ್ತದೆ, ಮತ ಸರ್ಕಾರವಾಗುತ್ತದೆ, ಸರ್ಕಾರದ ಆದೇಶವಾಗಿ ಆ ನಿಲುವನ್ನು ಒಪ್ಪದವರ ಹೊಲ, ಮನೆ, ಮಕ್ಕಳ ಶಾಲೆಗಳ ತನಕ ಬರುತ್ತದೆ. ನನ್ನ ಬದುಕಿನ ಮೇಲೆ ಜಾರಿಯಾಗಬಹುದಾದ ವಿಚಾರವೊಂದಕ್ಕೆ ಕಾರಣ ಕೇಳುವ ಹಕ್ಕು ನನಗಿದೆ. ಟೀಕೆಯ ನ್ಯಾಯಸಮ್ಮತಿ ಹುಟ್ಟುವುದು ಇಲ್ಲಿಂದ. ಟೀಕಿಸುವವನು ಹೆಚ್ಚು ಓದಿದವನು, ಹೆಚ್ಚು ತಿಳಿದವನು ಅಥವಾ ಹೆಚ್ಚು ಪ್ರಾಮಾಣಿಕ ಎಂಬುದರಿಂದ ಅದು ಹುಟ್ಟುವುದಿಲ್ಲ. ಈ ಆಧಾರದ ಇನ್ನೊಂದು ಪರಿಣಾಮವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ: ನನ್ನ ನಿಲುವಿಗೂ ಅದೇ ಕಾರಣದಿಂದ ಅವರು ಲೆಕ್ಕ ಕೇಳಬಹುದು.

ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟನ್ನೇ ತೆಗೆದುಕೊಳ್ಳೋಣ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಈ ಜಲಾಶಯದಲ್ಲಿ ಈಗ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲಾಗುತ್ತಿದೆ. ರಾಜ್ಯಗಳ ನಡುವೆ ಕೃಷ್ಣೆಯ ನೀರು ಹಂಚುವ ಎರಡನೆಯ ನ್ಯಾಯಾಧಿಕರಣವು 2010ರ ಡಿಸೆಂಬರ್ ತೀರ್ಪಿನಲ್ಲಿ ಇದನ್ನು 524.256 ಮೀಟರಿಗೆ ಏರಿಸಲು ಅನುಮತಿ ನೀಡಿತು. ಸುಪ್ರೀಂ ಕೋರ್ಟಿನ ತಡೆಯಿಂದಾಗಿ ಆ ತೀರ್ಪು ರಾಜ್ಯಪತ್ರದಲ್ಲಿ ಪ್ರಕಟವಾಗದೆ ಉಳಿಯಿತು. ಮಟ್ಟ ಏರಿದರೆ ವಿಜಯಪುರದ ಒಣ ತಾಲೂಕುಗಳಿಗೆ ನೀರು ಬರುತ್ತದೆ. ಬಾಗಲಕೋಟೆ ಜಿಲ್ಲೆಯ ಕಡೆ ಸುಮಾರು 75 ಸಾವಿರ ಎಕರೆ ಭೂಮಿ, ಊರುಗಳು, ಬಾಗಲಕೋಟೆ ಪಟ್ಟಣದ ಒಂದು ಭಾಗ ಹಿನ್ನೀರಿಗೆ ಹೋಗುತ್ತವೆ. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಕಡೆಯ ರೈತ “ಗೇಟು ಏರಿಸಬೇಕು” ಎನ್ನುತ್ತಾನೆ. ಬೀಳಗಿಯ ಕಡೆ, ಹಿಂದೊಮ್ಮೆ ಮುಳುಗಡೆಯಾಗಿ ಪುನರ್ವಸತಿ ಕೇಂದ್ರದಲ್ಲಿ ಮನೆ ಕಟ್ಟಿಕೊಂಡ ಕುಟುಂಬ “ಮೊದಲು ಪರಿಹಾರ, ಆಮೇಲೆ ಗೇಟು” ಎನ್ನುತ್ತದೆ. ನದಿಯ ಮೇಲ್ಭಾಗದಲ್ಲಿರುವ ಮಹಾರಾಷ್ಟ್ರದ ಸಾಂಗಲಿಯವರು, ಹಿನ್ನೀರಿನಿಂದ ತಮ್ಮ ಊರು ಮುಳುಗೀತೆಂದು, ಏರಿಸಲೇಕೂಡದು ಎನ್ನುತ್ತಾರೆ. ಈ ಮೂವರಿಗೂ “ನಿಮ್ಮ ನಿಮ್ಮ ವಿಚಾರ ನಿಮ್ಮ ನಿಮ್ಮ ಹತ್ತಿರ ಇರಲಿ” ಎಂದು ಹೇಳಿ ಎದ್ದು ಬರುವಂತಿಲ್ಲ, ಏಕೆಂದರೆ ಗೇಟು ಒಂದೇ. ಅದು ಒಂದೇ ಎತ್ತರಕ್ಕೆ ನಿಲ್ಲಬೇಕು.

ಹಾಗಾದರೆ ಇವರ ನಿಲುವುಗಳಲ್ಲಿ ಟೀಕೆಗೆ ಸಿಗುವುದು ಯಾವುದು? ರಾಜಕೀಯ ನಿಲುವು ಹೊರಗಿನಿಂದ ಒಂದೇ ಗಂಟಾಗಿ ಕಂಡರೂ ಬಿಚ್ಚಿ ನೋಡಿದರೆ ಅದರಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಎಳೆಗಳಿರುತ್ತವೆ: ಏನಾಗಿದೆ ಎಂಬುದರ ಬಗೆಗಿನ ನಂಬಿಕೆ, ಮುಂದೆ ಏನಾದೀತು ಎಂಬುದರ ಬಗೆಗಿನ ಅಂದಾಜು, ಮತ್ತು ಯಾವುದಕ್ಕೆ ಹೆಚ್ಚು ಬೆಲೆ ಕೊಡಬೇಕು ಎಂಬ ತೀರ್ಮಾನ. ಇವುಗಳಲ್ಲಿ ಒಂದೊಂದಕ್ಕೂ ಟೀಕೆಯ ರೀತಿ ಬೇರೆ, ಟೀಕಿಸುವವನಿಗೆ ಇರಬಹುದಾದ ಧೈರ್ಯದ ಪ್ರಮಾಣವೂ ಬೇರೆ.

ಮೊದಲನೆಯದರಲ್ಲಿ ಹಿಂಜರಿಯಬೇಕಾದ ಕಾರಣವೇ ಇಲ್ಲ. 2019ರ ಮಹಾಪೂರದಲ್ಲಿ ಸಾಂಗಲಿ, ಕೊಲ್ಹಾಪುರಗಳು ಮುಳುಗಿದ್ದು ಆಲಮಟ್ಟಿಯ ಹಿನ್ನೀರಿನಿಂದ ಎಂದು ಯಾರಾದರೂ ಹೇಳಿದರೆ, ಆ ಮಹಾಪೂರದ ತನಿಖೆಗೆಂದು ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೆರೆ ಸಮಿತಿ ಆಲಮಟ್ಟಿಯನ್ನು ಕಾರಣವೆಂದು ಹೇಳಲಿಲ್ಲ ಎಂಬುದನ್ನು ಅವರ ಮುಂದೆ ಇಡಬಹುದು. ಇಲ್ಲಿ ಎದುರಿನವರ ಭಾವನೆ, ಊರು, ಭಾಷೆ ಯಾವುದೂ ಪ್ರಶ್ನೆಯಲ್ಲ. ದಾಖಲೆ ಏನು ಹೇಳುತ್ತದೆ ಎಂಬುದಷ್ಟೇ ಪ್ರಶ್ನೆ. ಅವರ ಕೈಯಲ್ಲಿ ಬೇರೆ ಅಳತೆಗಳಿದ್ದರೆ ತೋರಿಸಲಿ, ಆಗ ನಾವು ಬದಲಾಗಬೇಕಾದೀತು. ಇದೇ ಮಾನದಂಡ ನಮ್ಮ ದಂಡೆಗೂ ಅನ್ವಯಿಸುತ್ತದೆ. ನ್ಯಾಯಾಧಿಕರಣ ಅನುಮತಿ ಕೊಟ್ಟಿದೆ ಎಂಬ ವಾಕ್ಯವನ್ನು ಮುಳುಗಡೆಯಾಗುವವರಿಗೆ ಪರಿಹಾರ ಕೈಸೇರಿದೆ ಎಂಬ ಅರ್ಥದಲ್ಲಿ ಉಪಯೋಗಿಸುವ ಭಾಷಣಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ, ಮತ್ತು ಅವನ್ನು ಯಾರೂ ಪ್ರಶ್ನಿಸದೆ ಹೋಗುವುದನ್ನೂ ನೋಡಿದ್ದೇವೆ.

ಎರಡನೆಯ ಎಳೆಯಲ್ಲಿ ಸ್ವಲ್ಪ ಸಂಕೋಚ ಇರಬೇಕಾಗುತ್ತದೆ. 524 ಮೀಟರಿಗೆ ನೀರು ನಿಂತ ಮೇಲೆ ಒಂದು ಅತಿವೃಷ್ಟಿಯ ವರ್ಷದಲ್ಲಿ ಏನಾದೀತು ಎಂಬುದು ಇನ್ನೂ ಆಗದೇ ಇರುವ ಸಂಗತಿ. ಹಿಂದಿನ ಮಹಾಪೂರಕ್ಕೆ ಅಣೆಕಟ್ಟು ಕಾರಣವಲ್ಲ ಎಂಬುದರಿಂದಲೇ ಎತ್ತರಿಸಿದ ಅಣೆಕಟ್ಟೂ ಕಾರಣವಾಗಲಾರದು ಎಂದು ಸಿದ್ಧವಾಗುವುದಿಲ್ಲ. ಅಂದಾಜನ್ನು ಅಂದಾಜೆಂದೇ ಟೀಕಿಸಬೇಕು: ಅದರ ಲೆಕ್ಕ ಯಾವ ಊಹೆಗಳ ಮೇಲೆ ನಿಂತಿದೆ, ಅದೇ ಮನುಷ್ಯ ಹಿಂದೆ ಮಾಡಿದ ಅಂದಾಜುಗಳು ಎಷ್ಟರಮಟ್ಟಿಗೆ ನಿಜವಾದವು ಎಂದು ಕೇಳಬೇಕು. ಎದುರಿನವರು ಭವಿಷ್ಯವನ್ನು ನಮಗಿಂತ ಬೇರೆಯಾಗಿ ಕಾಣುತ್ತಾರೆ ಎಂಬ ಕಾರಣಕ್ಕೆ ಅವರನ್ನು ಮೂರ್ಖರೆಂದು ಕರೆಯುವುದು ಟೀಕೆಯಾಗುವುದಿಲ್ಲ.

ನಿಜವಾದ ಕಷ್ಟವಿರುವುದು ಮೂರನೆಯದರಲ್ಲಿ. ವಿಜಯಪುರದ ಲಕ್ಷಾಂತರ ಎಕರೆ ಹಸಿರಾಗುವುದಕ್ಕೂ ಹಿನ್ನೀರಿನ ದಂಡೆಯ ಒಂದು ಕುಟುಂಬ ಎರಡನೆಯ ಬಾರಿ ಮನೆ ಬಿಡುವುದಕ್ಕೂ ನಡುವೆ ತೂಕ ಹಾಕುವ ತಕ್ಕಡಿ ಯಾವ ಇಲಾಖೆಯಲ್ಲೂ ಇಲ್ಲ. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಎಂದು ರಾಜ್ಯ ಸರ್ಕಾರ 2025ರಲ್ಲಿ ದರ ನಿಗದಿ ಮಾಡಿತು. ಆ ಅಂಕಿಯಿಂದ ಹೊಲದ ಬೆಲೆ ಗೊತ್ತಾಗಬಹುದು, ಆದರೆ ಬಹುಜನರ ಹಿತಕ್ಕಾಗಿ ಕೆಲವರಿಂದ ಎಷ್ಟು ಕೇಳಬಹುದು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಇಲ್ಲಿಗೆ ಬಂದಾಗ ಅನೇಕರು “ಮೌಲ್ಯದ ಮಾತು ಬಂತು, ಇನ್ನು ವಾದ ಮುಗಿಯಿತು” ಎಂದು ಕೈಚೆಲ್ಲುತ್ತಾರೆ. ನನ್ನ ದೃಷ್ಟಿಯಲ್ಲಿ ವಾದ ಮುಗಿಯುವುದಿಲ್ಲ, ಅದರ ಸಾಧನ ಬದಲಾಗುತ್ತದೆ. ದಾಖಲೆಯ ಸ್ಥಾನದಲ್ಲಿ ಈಗ ಸುಸಂಗತಿಯ ಪರೀಕ್ಷೆ ಬರುತ್ತದೆ: ನೀವು ಹೇಳುವ ತತ್ವವನ್ನು ನಿಮಗೆ ನಷ್ಟವಾಗುವ ಕಡೆಯೂ ಒಪ್ಪುತ್ತೀರಾ?

ಈ ಪರೀಕ್ಷೆ ನಿತ್ಯದ ರಾಜಕೀಯದಲ್ಲಿ ಎಷ್ಟು ಉಪಯುಕ್ತ ಎಂಬುದನ್ನು ಗ್ಯಾರಂಟಿ ಯೋಜನೆಗಳ ಚರ್ಚೆಯಲ್ಲಿ ನೋಡಬಹುದು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ 2023ರ ಜೂನ್‌ನಲ್ಲಿ ಆರಂಭವಾದಾಗಿನಿಂದ “ಬಿಟ್ಟಿ ಕೊಟ್ಟು ಮಂದೀನ ಕೆಡಸಾಕತ್ತಾರ” ಎಂಬ ಮಾತು ನಮ್ಮ ಕಡೆ ಸಾಕಷ್ಟು ಕೇಳಿಬರುತ್ತದೆ. ಹಾಗೆನ್ನುವ ರೈತನ ಕೊಳವೆಬಾವಿಯ ಪಂಪು 10 ಅಶ್ವಶಕ್ತಿಯ ಒಳಗಿದ್ದರೆ ಅದಕ್ಕೆ ವಿದ್ಯುತ್ತು ಉಚಿತ. ಸಹಕಾರಿ ಸಂಘದ ಅವನ ಬೆಳೆಸಾಲಕ್ಕೆ 5 ಲಕ್ಷ ರೂಪಾಯಿಯವರೆಗೆ ಬಡ್ಡಿಯಿಲ್ಲ. “ಹಂಗಾದ್ರ ಕರೆಂಟೂ ಬಿಟ್ಟಿನ ಅಲ್ಲೇನ್ರಿ ಕಾಕಾ?” ಎಂದು ಅವನ ಎದುರು ಕುಳಿತ ಹುಡುಗ ಕೇಳಿದರೆ ಅದು ಉದ್ಧಟತನವಲ್ಲ, ಯೋಗ್ಯವಾದ ಟೀಕೆ. ಇಷ್ಟರಿಂದಲೇ ಕಾಕಾ ಸೋತಂತೆಯೂ ಆಗುವುದಿಲ್ಲ. ವ್ಯವಸಾಯ ಉತ್ಪಾದನೆಯ ಕೆಲಸ, ಅದರ ಬೆಲೆ ರೈತನ ಕೈಯಲ್ಲಿಲ್ಲ, ಆದ್ದರಿಂದ ಅಲ್ಲಿನ ನೆರವು ಬೇರೆ ಎಂದು ಅವರು ಉತ್ತರಿಸಬಹುದು. ಗಾರ್ಮೆಂಟಿಗೋ ಕಳೆ ತೆಗೆಯಲಿಕ್ಕೋ ಬಸ್ಸು ಹತ್ತಿ ಹೋಗುವ ಹೆಂಗಸೂ ಉತ್ಪಾದನೆಗೇ ಹೋಗುತ್ತಾಳಲ್ಲ ಎಂದು ಹುಡುಗ ಮತ್ತೆ ಕೇಳಬಹುದು. ಎರಡು ನಿಮಿಷದ ಹಿಂದೆ ಬೈಗುಳವಾಗಿದ್ದ ಮಾತು ಈಗ ಯಾವ ಬಗೆಯ ನೆರವನ್ನು ರಾಜ್ಯ ಕೊಡಬೇಕು ಎಂಬ ನಿಜವಾದ ಪ್ರಶ್ನೆಗೆ ಬಂದು ನಿಂತಿತು. ಯೋಜನೆಯ ಖರ್ಚಿನ ಬಗ್ಗೆ ಮಾತೆತ್ತಿದವರೆಲ್ಲ ಹೆಣ್ಣುಮಕ್ಕಳ ವಿರೋಧಿಗಳು ಎನ್ನುವವರು ಮಾತ್ರ ಈ ಹಂತಕ್ಕೆ ಬರುವ ದಾರಿಯನ್ನೇ ಮುಚ್ಚಿಬಿಡುತ್ತಾರೆ.

ಸುಸಂಗತಿಯ ಪರೀಕ್ಷೆಯನ್ನು ಬೆಳಗಾವಿಯ ಗಡಿ ವಿವಾದದಲ್ಲಿ ಕನ್ನಡಿಗರಾದ ನಾವು ನಮಗೆ ಹಾಕಿಕೊಳ್ಳುವುದು ಅಪರೂಪ. 1966ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು. ಬೆಳಗಾವಿ ನಗರ ಕರ್ನಾಟಕದಲ್ಲೇ ಇರಬೇಕೆಂದಿತು. ಮಹಾರಾಷ್ಟ್ರ ಅದನ್ನು ತಿರಸ್ಕರಿಸಿ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಎನ್ನುವ ಈ ಊರಿನ ಮರಾಠಿ ಭಾಷಿಕನ ನಿಲುವನ್ನು ನಾವು ಟೀಕಿಸಬಹುದು, ಆಯೋಗದ ವರದಿಯನ್ನು ಅವನ ಮುಂದಿಡಬಹುದು. ಆದರೆ “ಮಹಾಜನ ವರದಿಯೇ ಅಂತಿಮ” ಎಂದು ಘೋಷಣೆ ಕೂಗುವಾಗ, ಅದೇ ವರದಿ ನಿಪ್ಪಾಣಿಯೂ ಸೇರಿದಂತೆ 264 ಊರುಗಳನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದೂ 247 ಊರುಗಳು ನಮಗೆ ಬರಬೇಕೆಂದೂ ಹೇಳಿದೆ ಎಂಬುದನ್ನು ಒಟ್ಟಿಗೇ ಒಪ್ಪಬೇಕಾಗುತ್ತದೆ. ನಿಪ್ಪಾಣಿಯ ಒಬ್ಬ ಕನ್ನಡಿಗ ಎದ್ದು ನಿಂತು “ನನ್ನನ್ನೂ ಕೊಡ್ತೀರೇನ್ರಿ?” ಎಂದು ಕೇಳಿದರೆ ಘೋಷಣೆಯಲ್ಲಿ ಅದಕ್ಕೆ ಉತ್ತರವಿಲ್ಲ. ಇನ್ನು, ಆ ಮರಾಠಿ ಭಾಷಿಕನ ನಿಲುವನ್ನು ಟೀಕಿಸುವ ಹಕ್ಕು ಅವನ ಅಂಗಡಿಯ ಮೇಲೆ, ಅವನ ಭಾಷೆಯ ಮೇಲೆ, ಈ ಊರಿನಲ್ಲಿ ಅವನು ಇರುವುದರ ಮೇಲೆ ಯಾವ ಹಕ್ಕನ್ನೂ ಕೊಡುವುದಿಲ್ಲ.

ಟೀಕೆಯ ವಿರುದ್ಧ ಕೇಳಿಬರುವ ಆಕ್ಷೇಪಗಳಲ್ಲಿ “ನೀವೇನು ಸಾಚಾನ?” ಎಂಬುದನ್ನು ಬೇಗ ಮುಗಿಸಬಹುದು: ಟೀಕಿಸುವವನ ದೋಷ ಅವನ ಮೇಲಿನ ಗೌರವ ಕಡಿಮೆ ಮಾಡಬಹುದು, ಟೀಕೆಯಲ್ಲಿನ ಸಂಗತಿಯನ್ನು ಸುಳ್ಳಾಗಿಸಲಾರದು. ಇನ್ನೊಂದು ಆಕ್ಷೇಪಕ್ಕೆ ಹೆಚ್ಚಿನ ಗಮನ ಬೇಕು. ನಮ್ಮ ರಾಜಕೀಯ ನಿಲುವುಗಳು ನಾವು ಹುಟ್ಟಿದ ಓಣಿ, ಜಾತಿ, ಮನೆತನ, ಹೊಟ್ಟೆಪಾಡುಗಳಿಂದ ಬಂದವು. ಹೀಗಿರುವಾಗ ಅವುಗಳಲ್ಲಿ ಸರಿ ತಪ್ಪು ಎಂಬುದೇ ಇಲ್ಲ ಎಂದು ಕೆಲವರು ವಾದಿಸುತ್ತಾರೆ. ಸಕ್ಕರೆ ಕಾರ್ಖಾನೆಯ ಷೇರುದಾರ ಕಬ್ಬಿನ ದರ ಹೆಚ್ಚಿಸಬಾರದು ಎಂದಾಗ ಅವನ ಲಾಭ ಅವನನ್ನು ಹಾಗೆ ನುಡಿಸಿರಬಹುದು. ಅದು ಅವನ ಲೆಕ್ಕವನ್ನು ಇನ್ನಷ್ಟು ಎಚ್ಚರದಿಂದ ಪರೀಕ್ಷಿಸಲು ಕಾರಣವಾಗುತ್ತದೆ. ಪರೀಕ್ಷಿಸದೆಯೇ ತಿರಸ್ಕರಿಸಲು ಕಾರಣವಾಗುವುದಿಲ್ಲ. ಕಬ್ಬಿಗೆ ಕೇಂದ್ರ ನಿಗದಿ ಮಾಡುವ ನ್ಯಾಯಸಮ್ಮತ ಮತ್ತು ಲಾಭದಾಯಕ ದರ 2024-25ರ ಹಂಗಾಮಿಗೆ ಶೇ 10.25ರ ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 340 ರೂಪಾಯಿ ಇತ್ತು. ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು 2019ರಲ್ಲಿ ಕಿಲೋಗೆ 31 ರೂಪಾಯಿ ಎಂದು ನಿಗದಿ ಮಾಡಲಾಗಿತ್ತು. ಈ ಎರಡು ಅಂಕಿಗಳ ನಡುವೆ ಕಾರ್ಖಾನೆಗೆ ಎಷ್ಟು ಉಳಿಯುತ್ತದೆ, ಮೊಲಾಸಿಸ್, ಎಥೆನಾಲ್, ವಿದ್ಯುತ್ತಿನಿಂದ ಎಷ್ಟು ಬರುತ್ತದೆ, ಕಟಾವು ಮತ್ತು ಸಾಗಣೆಗೆಂದು ರೈತನಿಂದ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನು ಷೇರುದಾರನ ಜಾತಕ ನೋಡಿ ತಿಳಿಯಲಾಗದು. ನಂಬಿಕೆ ಎಲ್ಲಿಂದ ಬಂತು ಎಂಬುದು ಒಂದು ಪ್ರಶ್ನೆ, ಅದು ನಿಲ್ಲುತ್ತದೆಯೇ ಎಂಬುದು ಇನ್ನೊಂದು.

ಜಾತಿ ನೋಡಿ ಮತ ಹಾಕುವವರನ್ನು ಟೀಕಿಸುವ ಲೇಖನಗಳು ಪ್ರತಿ ಚುನಾವಣೆಯಲ್ಲೂ ಬರುತ್ತವೆ, ಮತ್ತು ಅವುಗಳಲ್ಲಿ ಬಹಳಷ್ಟು ಗುರಿ ತಪ್ಪುತ್ತವೆ. ಸಿಂದಗಿಯ ಕಡೆಯ ಒಂದು ಹಳ್ಳಿಯ ಕಟ್ಟೆಯ ಮೇಲೆ ಇದೇ ಪ್ರಶ್ನೆಗೆ ವಯಸ್ಸಾದವರೊಬ್ಬರು ಕೊಟ್ಟ ಉತ್ತರ ಹೀಗಿತ್ತು: “ಅಂವಾ ನಮ್ಮ ಮಂದ್ಯಾಂವ ಅಂತಲ್ರಿ. ರಾತ್ರಿ ದವಾಖಾನ್ಯಾಗ ಬೆಡ್ ಸಿಗಲಿಲ್ಲಂದ್ರ ಫೋನ್ ಎತ್ತಾಂವ ಅಂವಾ ಒಬ್ಬನ ನೋಡ್ರಿ.” ಹೊರಗಿನಿಂದ ಜಾತಿಪ್ರೇಮವಾಗಿ ಕಾಣುವ ಆ ಮತದೊಳಗೆ ಸರ್ಕಾರಿ ವ್ಯವಸ್ಥೆ ಪರಿಚಯವಿಲ್ಲದೆ ಕೆಲಸ ಮಾಡುವುದಿಲ್ಲ ಎಂಬ ಅನುಭವದ ಲೆಕ್ಕವಿದೆ. ಆ ಲೆಕ್ಕವನ್ನೂ ಟೀಕಿಸಬಹುದು: ಒಬ್ಬನ ಫೋನಿನಿಂದ ಸಿಗುವ ಬೆಡ್ಡು ಫೋನಿಲ್ಲದ ಇನ್ನೊಬ್ಬನಿಗೆ ತಪ್ಪುತ್ತದೆ, ಅಂಥವನನ್ನೇ ಆರಿಸುತ್ತ ಹೋದರೆ ದವಾಖಾನೆ ಎಂದಿಗೂ ಸುಧಾರಿಸುವುದಿಲ್ಲ ಎನ್ನಬಹುದು. ಆದರೆ ಆ ಟೀಕೆ ಮಾಡಬೇಕಾದರೆ ಮೊದಲು ಅವರ ಮಾತನ್ನು ಅವರು ಹೇಳಿದಷ್ಟೇ ಬಲವಾಗಿ ನಾವು ಹೇಳಬಲ್ಲವರಾಗಿರಬೇಕು.

ಇದು ನಮ್ಮ ಪರಂಪರೆಗೆ ಹೊಸದಲ್ಲ. ಶಾಸ್ತ್ರಗ್ರಂಥಗಳಲ್ಲಿ ಸಿದ್ಧಾಂತಕ್ಕೆ ಮುನ್ನ ಪೂರ್ವಪಕ್ಷ ಬರುತ್ತದೆ, ಎದುರಾಳಿಯ ವಾದವನ್ನು ದುರ್ಬಲಗೊಳಿಸದೆ ಮಂಡಿಸುವುದು ಅಲ್ಲಿನ ಶಿಸ್ತು. ನಮ್ಮ ಪ್ರಾಚೀನ ತರ್ಕಶಾಸ್ತ್ರವಾದ ನ್ಯಾಯದರ್ಶನ ಚರ್ಚೆಯನ್ನು ಮೂರಾಗಿ ವಿಂಗಡಿಸಿತು: ಸತ್ಯ ತಿಳಿಯಲು ಮಾಡುವ ವಾದ, ಗೆಲ್ಲಲೆಂದೇ ಮಾಡುವ ಜಲ್ಪ, ತನ್ನದೊಂದು ಪಕ್ಷವನ್ನು ಮುಂದಿಡದೆ ಎದುರಿನವರದನ್ನು ಕೆಡವುವುದಷ್ಟೇ ಆದ ವಿತಂಡ. ವಾಟ್ಸ್ಯಾಪಿನ ಊರಗುಂಪುಗಳಲ್ಲಿ ಹರಿದಾಡುವ ರಾಜಕೀಯ ಟೀಕೆಯ ಬಹುಭಾಗ ಮೂರನೆಯ ಜಾತಿಗೆ ಸೇರುತ್ತದೆ. ಎದುರು ಪಕ್ಷದ ನಾಯಕನ ಹಳೆಯ ವಿಡಿಯೊ ಹಾಕಿದವನನ್ನು “ಹಾಗಾದರೆ ನಿಮ್ಮ ಪ್ರಕಾರ ಏನಾಗಬೇಕು?” ಎಂದು ಕೇಳಿ ನೋಡಿ, ಉತ್ತರದ ಬದಲು ಇನ್ನೊಂದು ವಿಡಿಯೊ ಬರುತ್ತದೆ.

ಪರರ ವಿಚಾರವನ್ನು ಸೈರಿಸಬೇಕು ಎಂಬ ಮಾತನ್ನು ಟೀಕೆಗೆ ಎದುರಾಗಿ ನಿಲ್ಲಿಸುವವರೂ ಇದ್ದಾರೆ, ಅದಕ್ಕೆ ಅವರು ಕವಿರಾಜಮಾರ್ಗವನ್ನೇ ಆಧಾರವಾಗಿ ಕೊಡುತ್ತಾರೆ. ಒಂಬತ್ತನೆಯ ಶತಮಾನದ ಆ ಕೃತಿ ಕನ್ನಡದ ತಿರುಳು ನಾಡನ್ನು ಗುರುತಿಸುವಾಗ ಹೇಳುವ ನಾಲ್ಕು ಊರುಗಳಲ್ಲಿ ಎರಡು ನಮ್ಮ ಸೀಮೆಯವು: ಕಿಸುವೊಳಲು ಎಂದರೆ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು, ಒಂಕುಂದ ಎಂದರೆ ಬೆಳಗಾವಿ ಜಿಲ್ಲೆಯ ಒಕ್ಕುಂದ. ಪರವಿಚಾರವನ್ನೂ ಪರಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ಸಂಪತ್ತು ಎಂದು ಅದು ಹೇಳಿದ್ದು ಹೌದು. ಅದೇ ಕೃತಿಯ ಮೊದಲ ಪರಿಚ್ಛೇದ ಕಾವ್ಯದ ದೋಷಗಳನ್ನು ಎತ್ತಿ ತೋರಿಸುವುದಕ್ಕೆ ಮೀಸಲಾಗಿದೆ ಎಂಬುದನ್ನೂ ಜೊತೆಗೆ ನೆನೆಯಬೇಕು. ಸೈರಣೆಯೂ ದೋಷವಿಮರ್ಶೆಯೂ ಒಬ್ಬನೇ ಕವಿಯಲ್ಲಿ ಕೂಡಿ ಇರಬಲ್ಲವು. ನಾವು ಒಪ್ಪುವ ವಿಚಾರವನ್ನು ಸೈರಿಸುವ ಪ್ರಸಂಗವೇ ಬರುವುದಿಲ್ಲ. ಒಪ್ಪದೆ, ಒಪ್ಪುವುದಿಲ್ಲವೆಂದು ಹೇಳಿ, ಆದರೂ ಆ ಮನುಷ್ಯನ ಜೊತೆಗೆ ಬದುಕುವಲ್ಲಿ ಸೈರಣೆಯ ಅಗತ್ಯ ಬೀಳುತ್ತದೆ.

ಹಾಗೆ ಬದುಕಿದ ಒಂದು ದೊಡ್ಡ ಉದಾಹರಣೆ ಬೆಳಗಾವಿಯಲ್ಲೇ ನಡೆದಿದೆ. 1922ರ ಗಯಾ ಅಧಿವೇಶನದ ನಂತರ ಕಾಂಗ್ರೆಸ್ ಒಳಗೇ ಒಡೆದಿತ್ತು. ಶಾಸನಸಭೆಗಳನ್ನು ಪ್ರವೇಶಿಸಿ ಹೋರಾಡಬೇಕೆಂಬ ಸಿ.ಆರ್. ದಾಸ್ ಮತ್ತು ಮೋತಿಲಾಲ್ ನೆಹರೂ ಅವರ ನಿಲುವು ತಪ್ಪೆಂದು ಗಾಂಧೀಜಿ ಭಾವಿಸಿದ್ದರು, ಹಾಗೆಂದು ಬಹಿರಂಗವಾಗಿ ಹೇಳಿಯೂ ಇದ್ದರು. 1924ರ ನವೆಂಬರ್‌ನಲ್ಲಿ ಮೂವರೂ ಸೇರಿ ಒಂದು ಒಪ್ಪಂದಕ್ಕೆ ಬಂದರು. ಡಿಸೆಂಬರ್‌ನಲ್ಲಿ, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವಾದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಅದಕ್ಕೆ ಅಂಗೀಕಾರ ದೊರೆಯಿತು. ದಾಸ್ ಮತ್ತು ನೆಹರೂ ಕಟ್ಟಿದ ಸ್ವರಾಜ್ಯ ಪಕ್ಷದವರು ಕಾಂಗ್ರೆಸ್ಸಿನ ಪರವಾಗಿಯೇ ಶಾಸನಸಭೆಗಳಲ್ಲಿ ಕೆಲಸ ಮಾಡುವುದು, ಕಾಂಗ್ರೆಸ್ ಸದಸ್ಯರು ತಿಂಗಳಿಗೆ 2,000 ಗಜ ನೂಲು ಕೊಡುವುದು ಎಂಬುವು ಅದರ ಮುಖ್ಯ ಅಂಶಗಳು. ಶಾಸನಸಭೆಗಳ ಬಗ್ಗೆ ಗಾಂಧೀಜಿಯ ಅಭಿಪ್ರಾಯ ಬದಲಾಗಲಿಲ್ಲ. ನೂಲಿನ ನಿಯಮ ಸ್ವರಾಜಿಗಳಿಗೆ ಹಿಡಿಸಲಿಲ್ಲ, ಮರುವರ್ಷವೇ ಅದನ್ನು ಐಚ್ಛಿಕಗೊಳಿಸಲಾಯಿತು. ಒಬ್ಬರ ನಿಲುವನ್ನು ಇನ್ನೊಬ್ಬರು ತಪ್ಪೆಂದು ಹೇಳುತ್ತಲೇ ಒಂದೇ ಚಪ್ಪರದ ಕೆಳಗೆ ಕುಳಿತ ಈ ರಾಜಕಾರಣಕ್ಕೆ ಇಂದಿನ ಪಕ್ಷಗಳಲ್ಲಿ ಜಾಗ ಎಷ್ಟಿದೆ ಎಂಬುದು ಬೇರೆಯೇ ಲೇಖನದ ವಿಷಯ.

ಕಾನೂನಿನ ದೃಷ್ಟಿಯಿಂದ ಇಲ್ಲಿ ಹೆಚ್ಚಿನ ಗೊಂದಲವಿಲ್ಲ. ಸಂವಿಧಾನದ 19(1)(ಎ) ವಿಧಿ ಮಾತಿನ ಸ್ವಾತಂತ್ರ್ಯ ಕೊಡುತ್ತದೆ, 19(2) ಅದರ ಮಿತಿಗಳನ್ನು ಹೇಳುತ್ತದೆ. ಆಕ್ಷೇಪಾರ್ಹ ಆನ್‌ಲೈನ್ ಸಂದೇಶವನ್ನು ಅಪರಾಧವಾಗಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ರದ್ದುಪಡಿಸಿದ 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂಬ ಮೂರನ್ನು ಬೇರ್ಪಡಿಸಿ, ಮಾತು ಪ್ರಚೋದನೆಯ ಮಟ್ಟ ಮುಟ್ಟಿದಾಗಲೇ ಅದನ್ನು ತಡೆಯಲು ಬರುತ್ತದೆ ಎಂದಿತು. ಚುನಾವಣೆಯ ಮಾದರಿ ನೀತಿ ಸಂಹಿತೆಯಂತೂ ಇನ್ನೂ ಸ್ಪಷ್ಟವಾಗಿದೆ: ಇತರ ಪಕ್ಷಗಳ ಟೀಕೆ ಅವುಗಳ ನೀತಿ, ಕಾರ್ಯಕ್ರಮ, ಹಿಂದಿನ ದಾಖಲೆ ಮತ್ತು ಕೆಲಸಕ್ಕೆ ಸೀಮಿತವಾಗಿರಬೇಕು, ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸದ ಖಾಸಗಿ ಬದುಕನ್ನು ಎಳೆತರಬಾರದು, ಪರಿಶೀಲಿಸದ ಆರೋಪ ಮಾಡಬಾರದು. ಈ ನಿಯಮವನ್ನು ಪಕ್ಷಗಳು ಎಷ್ಟು ಪಾಲಿಸುತ್ತವೆ ಎಂಬುದನ್ನು ಬಿಡೋಣ; ಇಬ್ಬರು ನೆರೆಯವರ ನಡುವಿನ ಮಾತಿಗೆ ಅದು ಇಂದಿಗೂ ಸಾಕಾಗುವ ಅಳತೆಗೋಲು.

ಕಾನೂನು ನೋಡದೇ ಬಿಡುವ ಒಂದು ಸಂಗತಿಯಿದೆ, ಅದು ಟೀಕಿಸುವವನಿಗೂ ಟೀಕೆಗೆ ಒಳಗಾಗುವವನಿಗೂ ನಡುವಿನ ಅಧಿಕಾರದ ಅಂತರ. ಹತ್ತು ಎಕರೆ ಕಬ್ಬಿನ ಒಡೆಯ ತನ್ನ ಹೊಲದ ಆಳಿಗೆ “ಆ ಪಕ್ಷಕ್ಕ ಹಾಕ್ತೀಯೇನೋ, ನಿನಗ ಬುದ್ಧಿ ಐತೇನು?” ಎಂದಾಗ ವಾಕ್ಯದ ರೂಪ ಟೀಕೆಯದೇ. ಆದರೆ ಆ ಆಳು ಒಡೆಯನ ಹತ್ತಿರ ಮಗಳ ಮದುವೆಗೆಂದು ಮುಂಗಡ ಪಡೆದಿದ್ದಾನೆ, ಮುಂದಿನ ಹಂಗಾಮಿನ ಕೆಲಸವೂ ಅಲ್ಲೇ ಆಗಬೇಕು. ಅವನು ತಿರುಗಿ ವಾದಿಸುವಂತಿಲ್ಲ, ಆದ್ದರಿಂದ ಅಲ್ಲಿ ನಡೆದದ್ದು ಒತ್ತಡ. ಅದೇ ಮಾತನ್ನು ಆಳು ಒಡೆಯನಿಗೆ ಹೇಳಿದ್ದರೆ ಅದಕ್ಕೆ ಬಹಳ ಧೈರ್ಯ ಬೇಕಾಗುತ್ತಿತ್ತು. ಮಾಸ್ತರರು ವಿದ್ಯಾರ್ಥಿಗೆ, ಮಾವನವರು ಹೊಸದಾಗಿ ಬಂದ ಸೊಸೆಗೆ, ಸೊಸೈಟಿಯ ಕಾರ್ಯದರ್ಶಿ ಸಾಲ ಕೇಳಲು ಬಂದವನಿಗೆ ರಾಜಕೀಯ ಬುದ್ಧಿ ಹೇಳುವಾಗಲೂ ಇದೇ ತೊಡಕು ಇರುತ್ತದೆ. ನಿಲುವನ್ನು ಟೀಕಿಸುವ ಹಕ್ಕಿಗೆ ಆಧಾರ ಪರಸ್ಪರ ಲೆಕ್ಕ ಕೇಳುವ ಸಮಾನತೆಯಾದ್ದರಿಂದ, ಎದುರಿನವರಿಗೆ ಲೆಕ್ಕ ಕೇಳಲು ಬಾರದಂತೆ ಕಟ್ಟಿಹಾಕಿದ ಕಡೆ ಆ ಹಕ್ಕೂ ಸವೆದುಹೋಗುತ್ತದೆ. ಅಂಥ ಕಡೆ ಬಲವುಳ್ಳವನು ಮಾತಾಡಲೇಬಾರದು ಎಂದಲ್ಲ. ಮೊದಲು ತನ್ನ ನಿಲುವಿನ ಕಾರಣಗಳನ್ನು ಹೇಳಿ, ಉತ್ತರ ಬಂದರೂ ಬಾರದಿದ್ದರೂ ಕೆಲಸಕ್ಕೆ, ಸಾಲಕ್ಕೆ, ಅಂಕಕ್ಕೆ ಅದು ತಟ್ಟುವುದಿಲ್ಲ ಎಂಬುದನ್ನು ನಡತೆಯಲ್ಲಿ ತೋರಿಸಿರಬೇಕು.

ಹೇಳಿದ ನಿಲುವಿಗೂ ಹೇಳದ ನಿಲುವಿಗೂ ಇರುವ ವ್ಯತ್ಯಾಸವೂ ಇದಕ್ಕೇ ಸಂಬಂಧಿಸಿದ್ದು. ಸಭೆಯಲ್ಲಿ, ಕಟ್ಟೆಯಲ್ಲಿ, ಗುಂಪಿನಲ್ಲಿ ಮುಂದಿಟ್ಟ ಮಾತು ಟೀಕೆಗೆ ತೆರೆದದ್ದು. ಯಾರಿಗೆ ಮತ ಹಾಕಿದೆ ಎಂದು ಹೇಳುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ ಎಂಬುದು 1951ರ ಜನತಾ ಪ್ರಾತಿನಿಧ್ಯ ಕಾಯಿದೆಯ 94ನೆಯ ಕಲಮಿನ ತಿರುಳು. ನ್ಯಾಯಾಲಯದ ಕಟಕಟೆಯಲ್ಲಿ ನಿಂತ ಸಾಕ್ಷಿಗೂ ಈ ರಕ್ಷಣೆ ಇದೆ. ಹಾಗಿರುವಾಗ ಮತ ಎಣಿಕೆಯ ಮರುದಿನ ಕೆಲಸಕ್ಕೆ ಬಂದ ಆಳು ತನ್ನ ಮತದ ಬಗ್ಗೆ ಕೇಳಿದಾಗ ಸುಮ್ಮನೆ ಕುಡುಗೋಲು ಹಿಡಿದು ಕಬ್ಬಿನ ಸಾಲಿಗೆ ಇಳಿದರೆ, ಒಡೆಯನಿಗೆ ಅಲ್ಲಿ ಟೀಕಿಸಲು ಯಾವ ನಿಲುವೂ ಇರುವುದಿಲ್ಲ.